ಅಟ್ಟ ಮುಟ್ಟಬೇಡ ಎಂದವನು

ಲೊಡ ಲೊಡ, ಲೊಡ ಲೊಡ. ತೆಂಗಿನಕಾಯಿ ಚೆನ್ನಾಗಿ ಒಣಗಿದ್ದರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಹೀಗೆ ಸದ್ದು ಮಾಡುತ್ತದೆ. ಒಳಗಿನ ನೀರೆಲ್ಲ ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಒಂದೇ ಉಂಡೆಯಾಗಿ ಉರುಳುವ ಸದ್ದು. ಹೊನ್ನವಳ್ಳಿ ಹತ್ತಿರದ ಈ ಮನೆಗೆ ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ನಡುಮನೆಯಲ್ಲಿ ಹೆಂಗಸರ ಸಾಲಿನಲ್ಲಿ ಮಲಗಿದ್ದ ನನಗೆ ಎಚ್ಚರವಾದದ್ದೇ ಅದರಿಂದ. ಕಣ್ಣು ಬಿಟ್ಟರೆ ತಲೆಯ ಮೇಲೆ ದಬ್ಬೆ ಹಾಸಿದ ಅಟ್ಟ, ದಬ್ಬೆಗಳ ಸಂದಿಯಲ್ಲಿ ಸಿಪ್ಪೆ ಸಮೇತ ಒಟ್ಟಿದ ಕಾಯಿಗಳು, ಕಾಯಿಗಳ ಪಕ್ಕದಲ್ಲಿ ಯಾರದೋ ಒಂದು ಅಂಗಾಲು. ಚೀರಿಬಿಟ್ಟೆ.

'ನಾನು ಕಣವ್ವ, ಹೆದ್ರಕಬ್ಯಾಡ,' ಎಂದಿತು ಮೇಲಿನ ದನಿ. ನಮ್ಮ ಮಾವ. ಮನೆಗೆ ಹೊಸ ಸೊಸೆ ಬಂದಿದ್ದಾಳೆಂದು ಕಾಯಿ ಕಾಯುತ್ತದೆಯೇ? ಅವರು ಬೆಳಗಾಗೆದ್ದು ಹಳೆಯ ಒಟ್ಟಿಲಿನ ಮುಂದೆ ಕೂತು ಒಂದೊಂದನ್ನೇ ಅಲ್ಲಾಡಿಸಿ, ಒಣಗಿದ್ದನ್ನು ಈಚೆಗೆ ಹಾಕುತ್ತಿದ್ದರು.

ನಾನು ಹುಟ್ಟಿದ್ದು ತುರುವೇಕೆರೆಯಲ್ಲಿ. ನಮ್ಮ ತಂದೆ ತಾಲ್ಲೂಕು ಕಚೇರಿಯ ಗುಮಾಸ್ತರು, ಸುತ್ತ ತೆಂಗಿದ್ದರೂ ನಮ್ಮದೆಂದು ಒಂದು ಮರವಿರಲಿಲ್ಲ. ಇದ್ದೊಬ್ಬ ಮಗಳು ಲೇಡಿಯಾಗಲಿ ಎಂದು ಮೈಸೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಸಿಸ್ಟರ್‌ಗಳು ಇಂಗ್ಲಿಷು ಕಲಿಸಿದರು, ನೀಡಲ್‌ವರ್ಕ್ ಕಲಿಸಿದರು, ಊಟದ ಟೇಬಲಿನಲ್ಲಿ ಸೈಲೆನ್ಸ್ ಕಲಿಸಿದರು. ಅಲ್ಲಿಂದ ಬಂದವಳಿಗೆ ಸೈನ್ಯದ ಜವಾನನ ಸಂಬಂಧ ಬಂದಾಗ ತಂದೆಗೆ ಹೆಮ್ಮೆ. 'ಯೂನಿಫಾರ್ಮ್ ಇದೆ, ಪೆನ್ಷನ್ ಇದೆ, ತೋಟಾನೂ ಇದೆ' ಎಂದರು. ನಾನು ನೋಡಿದ್ದು ಯೂನಿಫಾರ್ಮನ್ನು ಮಾತ್ರ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು ನನಗೆ.

ಇವರು, ನನ್ನ ಯಜಮಾನರು, ಅಟ್ಟದ ಮೇಲೆಯೇ ಬೆಳೆದವರು. ತಾಯಿ ಬೇಗ ಹೋಗಿದ್ದರು. ಅಪ್ಪ ಮಗ ಇಬ್ಬರೇ. ಈ ಕಡೆ ಉಂಡೆ ಕೊಬ್ಬರಿ ಮಾಡುವ ಕ್ರಮ ನೋಡದವರಿಗೆ ಒಂದು ಮಾತು ಹೇಳಬೇಕು. ಬಲಿತ ಕಾಯನ್ನು ಒಡೆಯುವುದಿಲ್ಲ, ಬಿಸಿಲಿಗೆ ಹಾಕುವುದಿಲ್ಲ. ಇಡಿಯಾಗಿ ಅಟ್ಟಕ್ಕೆ ಏರಿಸುತ್ತಾರೆ. ಕೆಳಗಿನ ಒಲೆಯ ಬಿಸಿ, ಹೊಗೆ, ಮೇಲಿನ ಹೆಂಚಿನ ಕಾವು ಕುಡಿದುಕೊಂಡು ಅದು ಹೆಚ್ಚುಕಡಿಮೆ ಒಂದು ವರ್ಷ ತನ್ನಷ್ಟಕ್ಕೆ ಒಣಗಬೇಕು. ಆ ಅವಧಿಯಲ್ಲಿ ಹೊಸ ಒಟ್ಟಿಲನ್ನು ಯಾರೂ ಮುಟ್ಟುವಂತಿಲ್ಲ. ನಡುವೆ ಉರುಳಾಡಿಸಿದರೆ ಒಳಗೆ ಬಿರುಕು ಬಿಟ್ಟು ಕೊಬ್ಬರಿ ಕೌಟು ವಾಸನೆ ಹಿಡಿಯುತ್ತದೆ. ಹೊರಗಿನವರಂತೂ ಏಣಿಯ ಮೇಲೆ ಕಾಲಿಡಲೇಬಾರದು. ಒಮ್ಮೆ ಕಳ್ಳಭಟ್ಟಿ ಹುಡುಕಲು ಸರ್ಕಾರದವರು ಬಂದಿದ್ದರಂತೆ. ಮನೆಯ ಮೂಲೆಮೂಲೆ ಜಾಲಾಡಿದವರು ಅಟ್ಟದ ಬುಡಕ್ಕೆ ಬಂದಾಗ ಮಾವ ಕೈಮುಗಿದು, 'ಅಟ್ಟ ಒಂದು ಮುಟ್ಬ್ಯಾಡಿ ಸ್ವಾಮಿ, ವರ್ಸದ ಅನ್ನ' ಎಂದರಂತೆ. ಬಂದವರೂ ಈ ಕಡೆಯವರೇ. ತಲೆಯಾಡಿಸಿ ಏಣಿ ಬಿಟ್ಟು ಹೋದರಂತೆ. ಈ ಕಥೆಯನ್ನು ಮಾವ ನನಗೆ ಹೇಳಿದಾಗ ಇವರು ಪಕ್ಕದಲ್ಲೇ ಕೂತು ನಗುತ್ತಿದ್ದರು. ಇವರ ನಗು ತುಂಬ ಚೆನ್ನಾಗಿತ್ತು. ಐ ಮಸ್ಟ್ ಸೇ ದಟ್.

ಸೈನ್ಯಕ್ಕೆ ಯಾಕೆ ಸೇರಿದಿರಿ ಎಂದು ಎಷ್ಟು ಕೇಳಿದರೂ ಇವರು ಸರಿಯಾದ ಉತ್ತರ ಕೊಡಲಿಲ್ಲ. ಪಿಯುಸಿ ಫೇಲಾಗಿತ್ತು. ತುಮಕೂರಿನಲ್ಲಿ ಭರ್ತಿ ನಡೆಯುತ್ತಿತ್ತು. ತಿಪಟೂರಿಗೆ ಕೊಬ್ಬರಿ ಹಾಕಲು ಹೋದವರು ರೈಲು ಹತ್ತಿಬಿಟ್ಟರು. ಮಾವ ಕೇಳಿದ್ದು ಇಷ್ಟೇ ಅಂತೆ: 'ತೋಟ ಇರೋನು ಯಾಕ್ಲಾ ಬಂದೂಕ ಹಿಡೀತೀಯ?' ಅದಕ್ಕೆ ಇವರು, 'ತೋಟ ಎಲ್ಲೂ ಹೋಗಕಿಲ್ಲ ಕಣಪ್ಪ. ನಾನೊಸಿ ಹೋಗ್ ಬತ್ತೀನಿ ಬುಡು.'

ಮದುವೆಯಾದ ಮೇಲೆ ಕೆಲವು ವರ್ಷ ನಾನೂ ಇವರ ಜೊತೆ ಫ್ಯಾಮಿಲಿ ಕ್ವಾರ್ಟರ್ಸಿನಲ್ಲಿದ್ದೆ. ಸಿಕಂದರಾಬಾದಿನಲ್ಲಿ. ನನ್ನ ಬದುಕಿನಲ್ಲಿ ಹಗುರಾಗಿದ್ದ ಕಾಲ ಅದೊಂದೇ. ಸಣ್ಣ ಲೈಬ್ರರಿ ಇತ್ತು. ಆಫೀಸರುಗಳ ಹೆಂಡಂದಿರು ನನ್ನ ಇಂಗ್ಲಿಷ್ ಕೇಳಿ ಹುಬ್ಬೇರಿಸುತ್ತಿದ್ದರು. ಭಾನುವಾರ ನಮ್ಮ ಮನೆಗೆ ಒಬ್ಬ ಹುಡುಗ ಊಟಕ್ಕೆ ಬರುತ್ತಿದ್ದ. ಹುಳಿಯಾರಿನಾಚೆಯ ಒಂದು ಕುರಿಹಟ್ಟಿಯವನು, ಇವರ ಸೆಕ್ಷನ್ನಿನಲ್ಲಿ ಎಲ್ಲರಿಗಿಂತ ಕಿರಿಯ ಸಿಪಾಯಿ. ಅಪ್ಪ ಇರಲಿಲ್ಲ, ತಾಯಿಗೆ ಒಬ್ಬನೇ ಮಗ. ಮುದ್ದೆಗಾಗಿ ಬರುತ್ತಿದ್ದವನು ನನ್ನ ಮುದ್ದೆ ನೋಡಿ ಕಣ್ಣಲ್ಲೇ ನಗುತ್ತಿದ್ದ.

'ಅಕ್ಕ, ನಿಮ್ದು ಇಂಗ್ಲಿಷ್ ಮುದ್ದೆ. ಮೇಲೆಲ್ಲಾ ಪಾಲಿಷು, ಒಳಗಿನ್ನೂ ಹಿಟ್ಟೈತೆ.'

'ತಿನ್ನೋದಾದ್ರೆ ತಿನ್ಲಾ, ಇಲ್ದಿದ್ರೆ ಮೆಸ್ಸಿಗೆ ಹೋಗಿ ರೊಟ್ಟಿ ಕಡಿ,' ಎಂದು ಇವರು ಗದರುತ್ತಿದ್ದರು.

'ಬುಡಣ್ಣ, ಹಿಟ್ಟಾದ್ರೂ ನಮ್ಮೂರ್ದೇ ಅಲ್ವಾ,' ಎಂದು ಇನ್ನೊಂದು ಹಾಕಿಸಿಕೊಳ್ಳುತ್ತಿದ್ದ.

ತನ್ನ ತಾಯಿಯ ಬಗ್ಗೆ ಅವನಿಗೆ ಹೇಳಿ ಮುಗಿಯುತ್ತಿರಲಿಲ್ಲ. ಕತ್ತಲಲ್ಲಿ ಕುರಿ ಕೆಮ್ಮಿದರೆ ಯಾವ ಕುರಿ ಎಂದು ಹೇಳುತ್ತಾಳಂತೆ. ಕಂಬಳಿ ನೂಲು ತೆಗೆಯುವಾಗ ಬೈಗುಳದಲ್ಲೇ ಹಾಡುತ್ತಾಳಂತೆ. ನನಗೆ ಆ ಹೆಂಗಸನ್ನು ನೋಡುವ ಮೊದಲೇ ಪರಿಚಯವಿತ್ತು.

ಆಮೇಲೆ ಇವರ ಪಲ್ಟನ್ ಸಮುದ್ರ ದಾಟಿ ಶ್ರೀಲಂಕಾಕ್ಕೆ ಹೋಯಿತು. ನಾನು ಕೂಸನ್ನು ಎತ್ತಿಕೊಂಡು ಹೊನ್ನವಳ್ಳಿಗೆ ಬಂದೆ. ಶಾಂತಿ ಕಾಪಾಡಲು ಹೋಗಿದ್ದಾರೆ ಎಂದು ರೇಡಿಯೋ ಹೇಳುತ್ತಿತ್ತು. ಕೆಲವೇ ತಿಂಗಳಿಗೆ ಅದೇ ರೇಡಿಯೋ ಸತ್ತವರ ಸುದ್ದಿ ಹೇಳತೊಡಗಿತು. ಮಾವ ವಾರ್ತೆ ಬರುವ ಹೊತ್ತಿಗೆ ಸರಿಯಾಗಿ ತೋಟಕ್ಕೆ ಹೋಗಿಬಿಡುತ್ತಿದ್ದರು. ಇವರ ಕಾಗದಗಳು ಬರುತ್ತಿದ್ದವು. 'ಇಲ್ಲೂ ತೆಂಗು ಕಣೇ. ಕಣ್ಮುಚ್ಚಿ ಬಿಟ್ಟರೆ ನಮ್ಮ ತೋಟದಲ್ಲಿ ನಿಂತ ಹಾಗೆ. ಗರಿ ಅಲ್ಲಾಡೋ ಸದ್ದೂ ಒಂದೇ. ಅಪ್ಪಂಗೆ ಹೇಳು.' ನಾನು ಓದಿ ಹೇಳಿದೆ. ಮಾವನ ಮುಖ ಒಂದಿಷ್ಟು ಸಡಿಲಾಯಿತು. ತೆಂಗು ಇರುವ ಕಡೆ ಮಗನಿಗೆ ಕೆಟ್ಟದ್ದಾಗುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ನನಗೂ ಹಾಗೇ ಅನ್ನಿಸಿತು.

ಇವರು ರಜೆಯಲ್ಲಿ ಬಂದಾಗ ನಾನು ಕೇಳುವ ಮೊದಲೇ ಹೇಳಿದರು: 'ಹುಳಿಯಾರಿನೋನು ಹೋದ.' ಬೂಟು ಬಿಚ್ಚಲಿಲ್ಲ. 'ಅವ್ನ ತಾಯಿ ಹತ್ರ ಹೋಗ್ಬೇಕು, ನೀನೂ ಬಾ. ಒಬ್ನೇ ಹೋಗೋಕಾಗಲ್ಲ.' ತಂತಿ ಮೊದಲೇ ಹೋಗಿತ್ತು, ಬೂದಿಯೂ ಹೋಗಿತ್ತು. ಇವರು ಹೋಗಬೇಕಾದದ್ದು ಜೊತೆಗಿದ್ದವನಾಗಿ.

ಹಟ್ಟಿಯಲ್ಲಿ ಆ ತಾಯಿ ನಮ್ಮನ್ನು ಕಂಬಳಿಯ ಮೇಲೆ ಕೂರಿಸಿದಳು. ನಾನು ಎಣಿಸಿದ್ದಕ್ಕಿಂತ ತುಂಬ ಚಿಕ್ಕ ವಯಸ್ಸು, ನಲವತ್ತೈದು ದಾಟಿರಲಿಲ್ಲ. ಕಣ್ಣು ಒಣಗಿತ್ತು. ಇವರನ್ನೇ ನೋಡುತ್ತ ಕೇಳಿದಳು.

'ಎಂಗೋದ ನನ್ ಮಗ?'

'ಒಂದೇ ಏಟು ಕಣವ್ವ. ಗೊತ್ತೇ ಆಗ್ಲಿಲ್ಲ ಅವನಿಗೆ.'

'ನೋವು?'

'ಇಲ್ಲ.'

'ನೀರು ಕೇಳಿದ್ನಾ?'

ಇವರು ತಡಮಾಡಲೇ ಇಲ್ಲ. 'ಇಲ್ಲ ಕಣವ್ವ, ಕೇಳ್ಲಿಲ್ಲ.'

'ಸದ್ಯ,' ಎಂದಳು ಆಕೆ. 'ನೀರು ಕೇಳ್ಕಂಡು ಸಾಯ್ಲಿಲ್ವಲ್ಲ.' ಆಗ ಅತ್ತಳು. ಅತ್ತು ಮುಗಿಸಿ ಇವರಿಗೆ ಮುದ್ದೆ ಬಡಿಸಿದಳು. ಇವರು ಅಲ್ಲೇ ಕಂಬಳಿಯ ಮೇಲೆ, ಕುರಿದೊಡ್ಡಿಯ ಪಕ್ಕ, ಮಧ್ಯಾಹ್ನದ ಬಿಸಿಲಿನಲ್ಲಿ ನಿದ್ದೆ ಹೋದರು. ಸಂಜೆಯ ಬಸ್ಸಿಗೆ ನಾನು ಎಬ್ಬಿಸಬೇಕಾಯಿತು.

ಆ ನಿದ್ದೆಯ ಬೆಲೆ ನನಗೆ ಆಗ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಇವರು ಮಲಗುತ್ತಿರಲಿಲ್ಲ. ನಡುಮನೆಗೆ ಬಂದರೆ ತಲೆ ಎತ್ತಿ ಅಟ್ಟ ನೋಡುವುದು, ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಬೀಡಿ ಹಚ್ಚುವುದು. ಸರ್ವಿಸ್ ಮುಗಿಸಿ ಪೆನ್ಷನ್ ಮೇಲೆ ಬಂದಾಗಲೂ ಅದೇ. 'ಮಿಲ್ಟ್ರಿ ಗಾಳಿ ಕಣವ್ವ, ಇಳೀತದೆ ಬುಡು' ಎಂದು ಮಾವ ನನಗೆ ಸಮಾಧಾನ ಹೇಳುತ್ತಿದ್ದರು. ಇಳಿಯಲಿಲ್ಲ.

ಒಂದು ದಿನ ನಾನು ಮಗಳನ್ನು ಸ್ಕೂಲಿಗೆ ಬಿಟ್ಟು ಬಂದಾಗ ಅಂಗಳದ ತುಂಬ ತೆಂಗಿನಕಾಯಿ. ಹೊಸ ಒಟ್ಟಿಲು ಏರಿಸಿ ಅರ್ಧ ವರ್ಷ ಆಗಿತ್ತಷ್ಟೆ. ಇವರು ಅಟ್ಟದಿಂದ ಕಾಯಿಗಳನ್ನು ಎರಡೂ ಕೈಯಲ್ಲಿ ಕೆಳಕ್ಕೆ ಎಸೆಯುತ್ತಿದ್ದರು. ಎಲ್ಲ ಎಸೆದ ಮೇಲೆ ಇಳಿದು ಬಂದು, ಮಚ್ಚು ಹಿಡಿದು ಒಂದೊಂದನ್ನೇ ಸೀಳಿ ಒಳಗೆ ನೋಡತೊಡಗಿದರು. ಅರೆ ಒಣಗಿದ ಕಾಯಿಯ ಹುಳಿನೀರು ಅಂಗಳದಲ್ಲಿ ಹರಿಯುತ್ತಿತ್ತು. ಮಾವ ತೋಟದಿಂದ ಓಡಿಬಂದರು.

'ಏನ್ಲಾ ಮಾಡ್ತಿದೀಯಾ? ತಲೆ ಕೆಟ್ಟೈತೇನ್ಲಾ ನಿಂಗೆ?'

'ನೋಡ್ತಾ ಇದೀನಿ.'

'ಏನ್ ನೋಡ್ತೀಯ ಅದ್ರಾಗೆ?'

'ಏನೂ ಇಲ್ಲ ಅಂತ ನೋಡ್ತಾ ಇದೀನಿ. ಅಟ್ಟ ಖಾಲಿ ಇರ್ಲಿ ಕಣಪ್ಪ. ಕೈ ಮುಗೀತೀನಿ.'

'ಖಾಲಿ ಇರ್ಬೇಕಾ? ನಿಮ್ಮವ್ವನ ಹೆಣ ಎತ್ತಿದ ದಿನಾನೂ ಈ ಮನೆ ಅಟ್ಟ ಖಾಲಿ ಇರ್ಲಿಲ್ಲ ಕಣೋ!' ಎಂದು ಮಾವ ಮಗನ ಕಪಾಳಕ್ಕೆ ಹೊಡೆದರು. ಮೂವತ್ತೈದು ದಾಟಿದ ಮಗ. ಇವರು ಹೊಡೆಸಿಕೊಂಡು ಮತ್ತೆ ಕೂತು ಇನ್ನೊಂದು ಕಾಯಿ ಸೀಳಿದರು. ಮಾವ ಜಗಲಿಯ ಮೇಲೆ ಕುಸಿದು ಕೂತರು. ಅಕ್ಕಪಕ್ಕದವರು ಬೇಲಿಯಾಚೆ ನಿಂತಿದ್ದರು. ಅವರಿಗೆ ಮುಖ ತೋರಿಸಲಾರದೆ ನಾನು ಒಳಗೆ ಹೋದೆ.

ಮಾರನೆಯ ದಿನ ತೋಟದ ಪಂಪ್‌ಹೌಸಿನ ಮುಂದೆ ಇವರು ನನಗೆ ಎಲ್ಲವನ್ನೂ ಹೇಳಿದರು. ಬುತ್ತಿ ಕೊಡಲು ಹೋಗಿದ್ದೆ. ಬೋರಿನ ನೀರು ಕಾಲುವೆಗೆ ಬೀಳುತ್ತಿತ್ತು. ನನ್ನ ಕಡೆ ನೋಡಲಿಲ್ಲ.

ಆ ದ್ವೀಪದ ಹಳ್ಳಿಯೊಂದರಲ್ಲಿ ಮನೆಮನೆ ಸರ್ಚ್ ನಡೆದಿತ್ತು. ಇವರು ಆಗ ನಾಯಕ್, ಸೆಕ್ಷನ್ನಿಗೆ ಇವರ ಮಾತೇ ಮಾತು. ಒಂದು ಮನೆಯ ಕೊಟ್ಟಿಗೆಯ ಮೇಲೆ ಅಟ್ಟ, ಅಟ್ಟದ ತುಂಬ ಸಿಪ್ಪೆ ಸಮೇತ ಒಟ್ಟಿದ ತೆಂಗಿನಕಾಯಿ. ಅಂಗಳದಲ್ಲಿ ಒಬ್ಬ ಮುದುಕ ಸುಮ್ಮನೆ ನಿಂತಿದ್ದ. ಹುಳಿಯಾರಿನ ಹುಡುಗ ಆಗಲೇ ಏಣಿ ಹತ್ತಿ ಮೇಲಿನ ಕಾಯಿಗೆ ಕೈ ಹಾಕಿದ್ದ. ಇವರು ಕೆಳಗಿನಿಂದ ಹೇಳಿದರು: 'ಇಳಿಯೋ. ಅಟ್ಟ ಮುಟ್ಬ್ಯಾಡ. ವರ್ಷದ ಅನ್ನ ಅದು.' ಹುಡುಗ ನಕ್ಕ. 'ನಿಮ್ ತೆಂಗಿನ ಜನ ಸಮುದ್ರ ದಾಟಿದ್ರೂ ಕೊಬ್ಬರೀದೇ ಚಿಂತೆ ಕಣಣ್ಣ' ಎಂದು ಇಳಿದು ಬಂದ. ಇವರು ಆ ಮುದುಕನಿಗೆ ತಲೆಬಾಗಿಸಿ, ಸೆಕ್ಷನ್ ಕರೆದುಕೊಂಡು ಮುಂದೆ ಹೋದರು.

ಮರುದಿನ ಬೆಳಿಗ್ಗೆ ಅದೇ ಓಣಿಯಲ್ಲಿ ಹೋಗುವಾಗ ಅದೇ ಮನೆಯಿಂದ ಗುಂಡು ಬಂತು. ಹುಡುಗನ ಹೊಟ್ಟೆಗೆ ಬಿತ್ತು. ಬಿಸಿಲು ನೆತ್ತಿಗೆ ಬರುವವರೆಗೆ ಜೀವ ಇತ್ತು. ಹೊಟ್ಟೆಗೆ ಏಟು ಬಿದ್ದವನಿಗೆ ನೀರು ಕೊಡುವಂತಿಲ್ಲ ಎಂದು ಇವರಿಗೆ ಟ್ರೇನಿಂಗಿನಲ್ಲಿ ಕಲಿಸಿದ್ದರು. ಅವನು ಕೇಳುತ್ತಲೇ ಇದ್ದ. ಇವರು ಕೊಡಲಿಲ್ಲ. ಆಮೇಲೆ ಆ ಮನೆಗೆ ನುಗ್ಗಿ ಅಟ್ಟ ಕೆಡವಿದಾಗ ಕಾಯಿ ಇದ್ದದ್ದು ಮೇಲಿನ ಒಂದು ಪದರ ಮಾತ್ರ. ಕೆಳಗೆಲ್ಲ ಬಂದೂಕು ಇಟ್ಟು ತೆಗೆದ ಗೋಣಿ, ಗುಂಡಿನ ಪೆಟ್ಟಿಗೆ.

'ಆ ಕಡೆ ಯಾರೂ ಇಡೀ ಕಾಯಿ ಒಣಗಿಸಲ್ಲ ಕಣೇ,' ಎಂದರು ಇವರು. 'ಒಡೆದು ಹೋಳು ಮಾಡಿ ಬಿಸಿಲಿಗೆ ಹಾಕ್ತಾರೆ. ಪ್ರತಿ ಮನೆ ಅಂಗಳದಾಗೂ ಹೋಳು ನೋಡಿದ್ದೆ. ದಿನಾ ನೋಡ್ತಿದ್ದೆ. ಹಂಗಿದ್ರೆ ಅಟ್ಟದ ಮೇಲೆ ಸಿಪ್ಪೆ ಕಾಯಿ ಯಾಕೆ ಅಂತ ಹೊಳೀಲೇ ಇಲ್ಲ. ಬೇರೆ ಯಾವ ಊರೋನೇ ಆಗಿದ್ರೂ ಆ ಹುಡುಗನ್ನ ಮೇಲೆ ಹತ್ತಿಸ್ತಿದ್ದ. ನಾನು, ನಮ್ಮನೆ ಅಂದ್ಕೊಂಡೆ.'

ಇಟ್ ವಾಸ್ ನಾಟ್ ಯುವರ್ ಫಾಲ್ಟ್ ಎಂದೆ. ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬಾಯಿಗೆ ಬರಲಿಲ್ಲ. ಇವರು ಬುತ್ತಿ ಬಿಚ್ಚಿ ಉಂಡರು.

ಇದನ್ನು ನಾನು ಮಾವನಿಗೂ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ಆ ವರ್ಷದಿಂದ ಅವರು ಕಾಯನ್ನು ಅಟ್ಟಕ್ಕೆ ಏರಿಸಲಿಲ್ಲ. ಹಸಿಕಾಯಿ, ಎಳನೀರು ಎಂದು ಮಾರಿಬಿಡುತ್ತಿದ್ದರು. ಊರಿನವರ ಮುಂದೆ ಅವರಿಗೆ ಅದು ದೊಡ್ಡ ಅವಮಾನ. 'ಏನ್ ಗೌಡ್ರೇ, ಮನೇಲಿ ಅಟ್ಟ ಐತೋ ಮಾರ್ಬುಟ್ರೋ?' ಎಂದು ಹಂಗಿಸುವವರಿಗೆ, 'ಹೆಗ್ಗಣ ಜಾಸ್ತಿಯಾಗೈತೆ ಕಣ್ರಪ್ಪ' ಎನ್ನುತ್ತಿದ್ದರು. ಸಾಯುವವರೆಗೂ ಅದನ್ನೇ ಹೇಳಿದರು. ಹೆಗ್ಗಣದ ಹೆಸರಿನಲ್ಲಿ ಮಗನ ಮಾನ ಉಳಿಸಿದ ಆ ಮನುಷ್ಯ ಬದುಕಿದ್ದಾಗ ನಾನು ಸರಿಯಾಗಿ ಗೌರವಿಸಲಿಲ್ಲವೇನೋ.

ಅಟ್ಟ ಖಾಲಿಯಾದರೂ ಇವರಿಗೆ ನಿದ್ದೆ ಬರಲಿಲ್ಲ. ಮಿಲಿಟರಿ ಕ್ಯಾಂಟೀನಿನ ರಮ್ ಬರುತ್ತಿತ್ತು, ಅದರಿಂದ ಬರುವುದು ನಿದ್ದೆಯಲ್ಲ, ಮೂರ್ಛೆ. ಇವರು ನಿಜವಾಗಿ ಮಲಗುತ್ತಿದ್ದದ್ದು ವರ್ಷದಲ್ಲಿ ಒಂದೆರಡು ಸಲ ಮಾತ್ರ, ಆ ಹಟ್ಟಿಯಲ್ಲಿ. ಚಿಕ್ಕನಾಯಕನಹಳ್ಳಿಗೆ ಹೋಗಿ, ಅಲ್ಲಿಂದ ಹುಳಿಯಾರಿನ ಬಸ್ಸು ಹಿಡಿದು, ಆ ತಾಯಿಗೆ ಒಂದು ಚೀಲ ಕಾಯಿ ಹೊತ್ತುಕೊಂಡು ಹೋಗುತ್ತಿದ್ದರು. ಅವಳು 'ಬಂದ್ಯಾ ಮಗ' ಎನ್ನುತ್ತಿದ್ದಳು. ಉಂಡು, ದೊಡ್ಡಿಯ ಪಕ್ಕ ಕಂಬಳಿ ಹೊದ್ದು ಮಲಗುತ್ತಿದ್ದರು. ಮಾರನೆಯ ದಿನ ಮನೆಗೆ ಬಂದಾಗ ಮುಖ ತೊಳೆದಿಟ್ಟ ಹಾಗಿರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಪ್ಲೇನ್ ಜೆಲಸಿ. ನನ್ನ ಮಂಚದಲ್ಲಿ ಬರದ ನಿದ್ದೆ ಆ ಕುರಿ ಗಬ್ಬಿನಲ್ಲಿ ಹೇಗೆ ಬರುತ್ತದೆ? ಆದರೆ ನಾನೇ ಚೀಲಕ್ಕೆ ಕಾಯಿ ತುಂಬಿ ಕಳಿಸುತ್ತಿದ್ದೆ. ಒಂದು ದಿನದ ನಿದ್ದೆ ಒಂದು ತಿಂಗಳು ಇವರನ್ನು ಮನುಷ್ಯರಾಗಿಡುತ್ತಿತ್ತು.

ಹೀಗೇ ವರ್ಷಗಳು ಹೋದವು. ಮಗಳ ಮದುವೆಯಾಯಿತು, ತಿಪಟೂರಿನಲ್ಲೇ ಇದ್ದಾಳೆ. ಇವರ ಕೂದಲು ಬಿಳಿಯಾಯಿತು. ಆ ತಾಯಿಯ ಬೆನ್ನು ಬಾಗಿತು.

ಒಂದು ಸಲ ನಾನೂ ಇವರ ಜೊತೆ ಹೋಗಿದ್ದೆ. ಊಟವಾದ ಮೇಲೆ ಅವಳು ಎಲೆಯಡಿಕೆ ಹಾಕಿಕೊಂಡು ಹೇಳಿದಳು. 'ನಂಗಿನ್ನ ಜಾಸ್ತಿ ದಿನ ಇಲ್ಲ ಕಣಪ್ಪ. ಹೋದ್ಮೇಲೆ ಕುಣಿಗೆ ಮೊದ್ಲು ಮಣ್ಣು ಮಗ ಹಾಕ್ಬೇಕು. ನೀನು ಹಾಕು. ಹಟ್ಟಿ ಹಿರೀಕರನ್ನ ಕೇಳಿದೀನಿ, ಒಪ್ಪವ್ರೆ. ಮಗನಂಗೇ ಅಲ್ವಾ ನೀನು.'

ಇವರ ಮುಖ ನೋಡಿದ ನನಗೆ ಮುಂದೇನಾಗುತ್ತದೆ ಎಂದು ತಿಳಿದುಹೋಯಿತು. ಕೈ ಹಿಡಿದು ಮೆಲ್ಲಗೆ, 'ಡೋಂಟ್. ಪ್ಲೀಸ್ ಡೋಂಟ್' ಎಂದೆ. ಒಂದು ಹೊತ್ತಿನ ಮುದ್ದೆ, ಒಂದು ರಾತ್ರಿಯ ನಿದ್ದೆ, ಇವನ್ನು ಸುಳ್ಳಿನ ಮೇಲೆ ತೆಗೆದುಕೊಳ್ಳಬಹುದಿತ್ತು. ಮಣ್ಣನ್ನು ಇವರು ತೆಗೆದುಕೊಳ್ಳಲಾರದೆ ಹೋದರು.

'ಅವ್ವ, ನಾನು ಮಣ್ಣು ಹಾಕೋಕಾಗಲ್ಲ,' ಎಂದರು. ಆಮೇಲೆ ಹೇಳಿದರು. ಏಣಿ, ಅಟ್ಟ, ಓಣಿ, ಹೊಟ್ಟೆ, ನೀರು. ಒಂದನ್ನೂ ಬಿಡಲಿಲ್ಲ. ಅವಳು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

'ಏಣಿ ಹತ್ತಿದ್ನಾ ಅವ್ನು?'

'ಹೂಂ.'

'ಕೈ ಹಾಕಿದ್ನಾ?'

'ಹಾಕಿದ್ದ.'

'ಇಳಿ ಅಂದೋನು ನೀನು.'

'ನಾನೇ.'

'ನೀರು ಕೇಳ್ದ.'

'ಕೇಳ್ದ.'

ಅವಳು ಎದ್ದು ಹೋಗಿ ಬಾಯಲ್ಲಿದ್ದುದನ್ನು ಉಗುಳಿ ಬಂದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ, ಶಾಪ ಹಾಕಲಿಲ್ಲ. ನಿಂತೇ ಹೇಳಿದಳು. 'ಇಷ್ಟ್ ವರ್ಸ ನೆಮ್ಮದಿಯಾಗೋದ ಅಂದ್ಕಂಡಿದ್ದೆ. ಈಗ ಮೊದ್ಲಿಂದ ಸಾಯಿಸ್ಬೇಕು ಅವನ್ನ. ನೀನಿನ್ನ ಬರಬ್ಯಾಡ ಕಣಪ್ಪ. ನಿನ್ ಮಕ ನೋಡಿದ್ರೆ ಅವನ ಕಾಲು ಏಣಿ ಮ್ಯಾಲಿರೋದೇ ಕಾಣ್ತದೆ.'

ನಾವು ತಂದಿದ್ದ ಕಾಯಿಯ ಚೀಲವನ್ನು ಅವಳು ವಾಪಸು ಕೊಡಲಿಲ್ಲ, ಒಳಗೂ ಇಟ್ಟುಕೊಳ್ಳಲಿಲ್ಲ. ಅದು ಅಂಗಳದಲ್ಲೇ ಇತ್ತು. ಹುಳಿಯಾರಿನ ಬಸ್‌ಸ್ಟ್ಯಾಂಡಿನಲ್ಲಿ ಇವರು ಒಂದು ಬಸ್ಸು ಬಿಟ್ಟರು, ಇನ್ನೊಂದೂ ಬಿಟ್ಟರು. ನಾನು ಒತ್ತಾಯ ಮಾಡಲಿಲ್ಲ. ಒಂದೇ ಒಂದು ಮಾತು ಆಡಿದರು: 'ಹೇಳಿದ್ದು ಸರಿ ಕಣೇ.' ನಾನು ಹೌದೆಂದೆ. ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಇವರು ಹಟ್ಟಿಗೆ ಹೋಗಲಿಲ್ಲ. ಬರಬೇಡ ಎಂದವಳ ಮಾತನ್ನು ಆರ್ಡರಿನ ಹಾಗೆ ಪಾಲಿಸಿದರು. ಮಲಗುವ ಜಾಗ ಒಂದಿತ್ತು, ಅದೂ ಹೋಯಿತು. ರಮ್ ಹೆಚ್ಚಾಯಿತು. ಹೊಟ್ಟೆ ಊದಿ ಕಣ್ಣು ಹಳದಿಯಾಯಿತು. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಲಿವರ್ ಮುಗಿದಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ತುಂಬ ಪೊಲೈಟ್ ಆಗಿ ಹೇಳಿದರು.

ನಡುಮನೆಯಲ್ಲಿ ಮಂಚ ಹಾಕಿದೆವು. ಇವರು ಕೇಳುತ್ತಿದ್ದದ್ದು ಒಂದೇ. 'ಹುಳಿಯಾರಿನಿಂದ ಯಾರಾದ್ರೂ ಬಂದ್ರಾ?' ಯಾರೂ ಬರುವುದಿಲ್ಲ ಎಂದು ಇವರಿಗೂ ಗೊತ್ತಿತ್ತು. ಆದರೂ ಬಸ್ಸಿನ ಹಾರನ್ ಕೇಳಿದರೆ ಬಾಗಿಲ ಕಡೆ ತಲೆ ತಿರುಗಿಸುತ್ತಿದ್ದರು. ಕೊನೆಗೆ ನಾನೇ ಹಟ್ಟಿಯ ಒಬ್ಬರ ಮೊಬೈಲಿಗೆ ಫೋನು ಮಾಡಿ ಸ್ಥಿತಿ ಹೇಳಿದೆ. ಆ ಕಡೆಯಿಂದ 'ಹೇಳ್ತೀವಿ' ಎಂದರು, ಅಷ್ಟೆ.

ಅವಳು ಬಂದಳು. ಎಪ್ಪತ್ತೈದು ದಾಟಿದ ಮುದುಕಿ, ಒಬ್ಬಳೇ, ಎರಡು ಬಸ್ಸು ಬದಲಾಯಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ. ಆದರೆ ಅಂದು ಬೆಳಿಗ್ಗೆ ನೋವು ತಡೆಯಲಾರದೆ ಒದ್ದಾಡಿದ್ದಕ್ಕೆ ನರ್ಸು ಬಂದು ಇಂಜೆಕ್ಷನ್ ಕೊಟ್ಟು ಹೋಗಿದ್ದಳು. ಇವರು ಗಾಢ ನಿದ್ದೆಯಲ್ಲಿದ್ದರು. ನಾನು ಭುಜ ಅಲುಗಾಡಿಸಲು ಬಗ್ಗಿದೆ.

'ಎಬ್ಬಿಸ್ತೀನಿ ಇರಿ. ನಿಮ್ಮನ್ನೇ ಕೇಳ್ತಾ ಇದ್ರು.'

'ಬ್ಯಾಡ.' ನನ್ನ ಕೈ ಹಿಡಿದಳು. ಎಷ್ಟು ಬಿಗಿ ಇತ್ತು ಆ ಕೈಯಲ್ಲಿ. 'ಮಲಗವ್ನೆ. ಮಲಗ್ಲಿ ಬುಡು.'

ಮಂಚದ ಪಕ್ಕ ನೆಲದ ಮೇಲೆ ಕೂತಳು. ಕುರ್ಚಿ ಕೊಟ್ಟರೆ ಬೇಡವೆಂದಳು, ಕಾಫಿ ಬೇಡವೆಂದಳು. ಇವರ ಮುಖವನ್ನು, ಊದಿದ ಹೊಟ್ಟೆಯನ್ನು, ಕಡ್ಡಿಯಾದ ಕಾಲನ್ನು ನೋಡುತ್ತ ಕೂತಳು. ಒಂದು ಸಲ ನೊಣ ಓಡಿಸಿದಳು. ಇಷ್ಟೇ. ಬಸ್ಸಿನ ಹೊತ್ತಿಗೆ ನೆಲಕ್ಕೆ ಕೈಯೂರಿ ಎದ್ದು ಹೊರಟಳು.

ಇವರು ಎದ್ದಾಗ ಬಿಸಿಲು ಇಳಿದಿತ್ತು. ನಾನು ಓಡಿಬಂದು ಹೇಳಿದೆ. 'ಅವರು ಬಂದಿದ್ರು. ಹಟ್ಟಿಯಿಂದ. ಇಲ್ಲೇ ಕೂತಿದ್ರು, ಇಷ್ಟು ಹತ್ತಿರ.'

ಇವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ, ಒಂಥರಾ ಕರುಣೆಯಿತ್ತು. 'ನೀನೂ ಕಲಿತೆ ಕಣೇ,' ಎಂದರು. 'ಸಾಯೋವಾಗ ನೆಮ್ಮದಿ ಆಗ್ಲಿ ಅಂತ ಹೇಳೋ ಸುಳ್ಳು. ನಂಗೆ ಹೇಳ್ಬ್ಯಾಡ. ಅದನ್ನ ಕಂಡುಹಿಡಿದೋನೇ ನಾನು.'

ದೇವರ ಮೇಲೆ ಆಣೆ ಮಾಡಿದೆ. ಮಗಳ ಮೇಲೆ ಆಣೆ ಮಾಡಿದೆ. ಆಣೆ ಹಾಕಿದಷ್ಟೂ ಇವರಿಗೆ ಸುಳ್ಳೆಂದು ಗಟ್ಟಿಯಾಗುತ್ತ ಹೋಯಿತು. ಅವಳು ಬಂದದ್ದನ್ನು ನೋಡಿದವಳು ನಾನೊಬ್ಬಳೇ. ಅವಳು ಏನನ್ನೂ ಬಿಟ್ಟು ಹೋಗಿರಲಿಲ್ಲ. ಒಂದು ಅಡಿಕೆಹೋಳೂ ಇಲ್ಲ. ಕೊನೆಗೆ ಇವರು ಗೋಡೆ ಕಡೆ ತಿರುಗಿ, 'ಬಂದಿದ್ರೆ ಕರ್ಕೊಂಬಾ ನೋಡೋಣ' ಎಂದರು. ಅದು ಸವಾಲಾಗಿರಲಿಲ್ಲ. ನಲವತ್ತು ವರ್ಷ ಇವರ ದನಿ ಕೇಳಿದವಳು ನಾನು. ಬೇಡಿಕೆ ಅದು.

ಬೆಳಿಗ್ಗೆ ಮಗಳನ್ನು ಕರೆಸಿ ಇವರ ಹತ್ತಿರ ಕೂರಿಸಿ, ಬಾಡಿಗೆ ಕಾರು ಮಾಡಿಕೊಂಡು ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಅರ್ಧ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕ್ಷಮಿಸಿ ಎಂದು ಕೇಳುವುದಲ್ಲ. ಒಂದು ಮಾತೂ ಆಡಬೇಡಿ, ಎಚ್ಚರವಿದ್ದಾಗ ಒಂದು ಸಲ ಎದುರಿಗೆ ನಿಲ್ಲಿ, ಅಷ್ಟೇ ಸಾಕು, ಎಂದು.

ಅವಳು ದೊಡ್ಡಿಯ ಮುಂದೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದಳು.

'ನಂಬಾಕಿಲ್ವಂತಾ?'

'ಇಲ್ಲ. ನಾನು ಸುಳ್ಳು ಹೇಳ್ತಿದೀನಿ ಅಂತಾರೆ. ಕಾರು ತಂದಿದೀನಿ. ಸಂಜೆಯೊಳಗೆ ನಾನೇ ವಾಪಸ್ ಬಿಡ್ತೀನಿ.'

'ಅವ್ನು ನನ್ನ ನೋಡ್ಲಿ ಅಂತ ನಾನ್ ಬರ್ಲಿಲ್ಲ ಕಣವ್ವ. ಅವನ್ನ ನಾನು ನೋಡಾನ ಅಂತ ಬಂದಿದ್ದೆ. ನೋಡ್ದೆ.'

'ಒಂದೇ ಒಂದು ಸಲ.'

'ಒಂದು ಸಲಕ್ಕೆ ಕಾಲು ಬಂತು. ಇನ್ನೊಂದು ಸಲಕ್ಕೆ ಬರಾಕಿಲ್ಲ.'

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಹಿಂದೆ ಸರಿದಳು. 'ಹೋಗವ್ವ. ಅಲ್ಲಿ ಒಬ್ನೇ ಇರ್ತಾನೆ,' ಎಂದಳು.

ನಾನು ಮನೆ ಮುಟ್ಟುವಷ್ಟರಲ್ಲಿ ಇವರಿಗೆ ಮಾತು ನಿಂತಿತ್ತು. ಕಾರಿನ ಸದ್ದಿಗೆ ಬಾಗಿಲ ಕಡೆ ನೋಡಿದರು ಎಂದು ಮಗಳು ಹೇಳಿದಳು. ಒಳಗೆ ಬಂದವಳು ನಾನೊಬ್ಬಳೇ. ಮರುದಿನ ಹೋದರು.

ಅವಳನ್ನು ನಾನು ಆಮೇಲೆ ನೋಡಲಿಲ್ಲ. ಅಂದು ಕಾರು ಹತ್ತಿ ಕೂತ ಮೇಲೆ, ಮನಸ್ಸು ಬದಲಾದೀತೆಂದು ಡ್ರೈವರಿಗೆ ಒಂದು ನಿಮಿಷ ನಿಲ್ಲಿಸಲು ಹೇಳಿದ್ದೆ. ಗಾಜು ಇಳಿಸಿ ನೋಡುತ್ತಿದ್ದೆ. ಅವಳು ಉಳಿದ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ದೊಡ್ಡಿಯೊಳಗೆ ಹೋದಳು. ಒಳಗಿನಿಂದ ಮುಳ್ಳಿನ ತಡಿಕೆಯನ್ನು ಎಳೆದುಕೊಂಡಳು. ತಡಿಕೆ ಒಂದು ಕಡೆ ಸಿಕ್ಕಿಕೊಂಡಿತು. ಎರಡೂ ಕೈಯಿಂದ ಎತ್ತಿ, ಸರಿಯಾಗಿ ಮುಚ್ಚಿ, ಹಗ್ಗ ಬಿಗಿದು, ಕುರಿಗಳ ನಡುವೆ ನಮಗೆ ಬೆನ್ನು ಹಾಕಿ ಕೂತಳು.